ಎಲೆ ಹೀರುವ ಗಾಡಿ ಹೀರದಿದ್ದಾಗ: ದೋಷವನ್ನು ಹಿಂದಿನಿಂದ ಹುಡುಕಿ

"ಇಂಜಿನ್ ಜೋರಾಗೇ ಓಡ್ತಾ ಅದೆ ಸಾ, ಎಲೆ ಮಾತ್ರ ಎಳೀತಿಲ್ಲ."

ಟ್ರ್ಯಾಕ್ಟರ್ ಹಿಂದೆ ಕಟ್ಟಿ ಎಳೆಯುವ ಲೀಫ್ ವ್ಯಾಕ್ಯೂಮ್ ಇಟ್ಟುಕೊಂಡವರಿಗೆ ಸಂಕ್ರಾಂತಿಯಿಂದ ಯುಗಾದಿವರೆಗೆ ಕೇಳಿಬರುವ ದೂರು ಇದು. ಆಮೇಲೆ ಏನಾಗುತ್ತದೆ ಅಂದರೆ, ಪ್ಲಗ್ ಬಿಚ್ಚುತ್ತಾರೆ, ಕಾರ್ಬುರೇಟರ್ ಬಿಚ್ಚುತ್ತಾರೆ, ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಾರೆ, ಅಷ್ಟರಲ್ಲಿ ಅರ್ಧ ದಿನ ಮುಗಿದಿರುತ್ತದೆ. ಇಂಜಿನ್‌ಗೆ ಕೈಹಾಕುವ ಮೊದಲು ಗಾಡಿಯ ಹಿಂಬದಿಗೆ ಹೋಗಿ ಜಾಲರಿ ನೋಡಿ. ನಮ್ಮ ಸೀಮೆಯ ಎಲೆಗೂ ಧೂಳಿಗೂ ಬಹುಪಾಲು ಸಲ ಕಾಯಿಲೆ ಅಲ್ಲೇ ಇರುತ್ತದೆ.

ಈ ಯಂತ್ರವನ್ನು ರೂಪಿಸಿದ್ದು ಅಮೆರಿಕ, ಯುರೋಪಿನ ಅಂಗಳಗಳಿಗೆ. ಅಲ್ಲಿ ಅಕ್ಟೋಬರ್–ನವೆಂಬರಿನಲ್ಲಿ ಮೇಪಲ್, ಓಕ್ ಎಲೆಗಳು ಹುಲ್ಲುಹಾಸಿನ ಮೇಲೆ ಉದುರುತ್ತವೆ, ಬಹಳ ಸಲ ತೇವವಾಗಿಯೇ ಇರುತ್ತವೆ. ಅದರ ಜೊತೆ ಬರುವ ಪುಸ್ತಕ ಬರೆದವರ ಕಣ್ಣಮುಂದೆ ಇದ್ದದ್ದೂ ಅದೇ. ನಮ್ಮಲ್ಲಿ ಎಲೆ ಉದುರುವುದು ಒಣಗಾಲದಲ್ಲಿ. ತೇಗ ಮೊದಲು ಶುರುಮಾಡುತ್ತದೆ, ಫೆಬ್ರವರಿ–ಮಾರ್ಚಿಗೆ ಹೊಂಗೆ, ಅರಳಿ, ಮಳೆಮರ, ಗುಲ್‌ಮೊಹರ್ ಒಂದರ ಹಿಂದೊಂದು ಬೋಳಾಗುತ್ತವೆ. ಮೈಸೂರಿನ ಮಾನಸಗಂಗೋತ್ರಿಯ ಒಳರಸ್ತೆಯಲ್ಲೋ ಕುಕ್ಕರಹಳ್ಳಿ ಕೆರೆ ಏರಿಯ ಮೇಲೋ ಆ ದಿನಗಳಲ್ಲಿ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಲ್ಲುಹಾಸು ಇರುವುದು ಸ್ವಲ್ಪ, ಉಳಿದದ್ದು ಬರೀ ಕೆಮ್ಮಣ್ಣು. ಹೀಗಾಗಿ ಯಂತ್ರ ಎಲೆಗಿಂತ ಹೆಚ್ಚಾಗಿ ಧೂಳು ಕುಡಿಯುತ್ತದೆ.

ಯಂತ್ರ ಕೆಟ್ಟು ನಿಂತರೆ ನಷ್ಟ ಬರೀ ರಿಪೇರಿ ಖರ್ಚಲ್ಲ. ಗುಡ್ಡೆಹಾಕಿದ ತರಗೆಲೆಗೆ ಯಾರಾದರೂ ಕಡ್ಡಿ ಗೀರಿಯೇ ಗೀರುತ್ತಾರೆ. ಬಯಲಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ನಿಷೇಧಿಸಿ 5,000 ರೂಪಾಯಿ ದಂಡ ಹೇಳಿದೆ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000. ದಂಡ ಹಾಗಿರಲಿ, ಗೊಬ್ಬರದ ಗುಂಡಿಗೆ ಹೋಗಬೇಕಾದ ಚಿನ್ನದಂಥ ಎಲೆ ಹೊಗೆಯಾಗಿ ಅಕ್ಕಪಕ್ಕದವರ ಎದೆಗೆ ಇಳಿಯುವುದನ್ನು ನೋಡುತ್ತ ನಿಲ್ಲಲು ನನ್ನಿಂದಾಗದು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಜೀವದ ಮಾತು

ಇಂಜಿನ್ ಆಫ್ ಮಾಡಿದ ಮೇಲೂ ಫ್ಯಾನ್ ತನ್ನ ಭಾರಕ್ಕೆ ಸುಮಾರು ಹೊತ್ತು ತಿರುಗುತ್ತಲೇ ಇರುತ್ತದೆ. ಪೂರ್ತಿ ನಿಂತಿದ್ದನ್ನು ಕಣ್ಣಾರೆ ನೋಡಿ, ಪ್ಲಗ್ಗಿನ ವೈರ್ ಕಿತ್ತು ಪಕ್ಕಕ್ಕಿಟ್ಟು, ಆಮೇಲೆ ಒಳಗೆ ಕೈ ಹಾಕಿ. ಸೈಲೆನ್ಸರ್ ಸುತ್ತ ಒಣ ಎಲೆ ಸಿಕ್ಕಿಕೊಂಡಿದ್ದರೆ ತಕ್ಷಣ ತೆಗೆಯಿರಿ, ಇಂಜಿನ್ ಆರುವವರೆಗೆ ಪೆಟ್ರೋಲ್ ಹಾಕಬೇಡಿ. ಹೋಸ್ ಹಿಡಿಯುವವರಿಗೆ ಮಾಸ್ಕ್, ಕನ್ನಡಕ, ಗಂಬೂಟು ಬೇಕೇ ಬೇಕು. ಒಂದೆರಡು ದಿನ ಬಿದ್ದಿದ್ದ ರಾಶಿಯನ್ನು ಮೊದಲು ಉದ್ದನೆಯ ಕೋಲಿನಿಂದ ಕೆದಕಬೇಕು. ಕೊಳಕುಮಂಡಲ ಹಾವು ತರಗೆಲೆಯ ಬಣ್ಣದಲ್ಲೇ ಇರುತ್ತದೆ, ಹತ್ತಿರ ಹೋದರೂ ಜಾಗ ಬಿಟ್ಟು ಕದಲುವುದಿಲ್ಲ.

ಗಾಳಿಯ ದಾರಿ

ಯಂತ್ರ ಸರಳ. ಹೋಸಿನ ಬಾಯಿಂದ ಗಾಳಿ ಎಲೆಯನ್ನು ಹೊತ್ತು ಬರುತ್ತದೆ. ಇಂಜಿನ್ ಶಾಫ್ಟಿಗೇ ಕೂರಿಸಿದ ಫ್ಯಾನ್ ಎಲೆಯನ್ನು ಪುಡಿಮಾಡಿ ಮೇಲಿನ ಕೊಳವೆಯ ಮೂಲಕ ಹಿಂದಿನ ಪೆಟ್ಟಿಗೆಗೆ ಎಸೆಯುತ್ತದೆ. ಎಲೆ ಪೆಟ್ಟಿಗೆಯಲ್ಲಿ ಉಳಿಯುತ್ತದೆ, ಗಾಳಿ ಜಾಲರಿಯಿಂದ ಆಚೆ ಹೋಗುತ್ತದೆ. ಈ ಕಡೆಯ ಹೆಜ್ಜೆಯನ್ನೇ ಎಲ್ಲರೂ ಮರೆಯುವುದು. ಆಚೆ ಹೋದಷ್ಟೇ ಗಾಳಿ ಒಳಗೆ ಬರಲು ಸಾಧ್ಯ. ಜಾಲರಿ ಮುಚ್ಚಿಕೊಂಡರೆ ಎಂಥ ಇಂಜಿನ್ ಇದ್ದರೂ ಬಾಯಿ ಕಟ್ಟಿದ ಗೋಣಿಚೀಲಕ್ಕೆ ಊದಿದ ಹಾಗೆ.

ಸದ್ದು ಕೇಳಿ

ಸಲಕರಣೆ ಮುಟ್ಟುವ ಮೊದಲು ಕಿವಿಗೆ ಕೆಲಸ ಕೊಡಿ. ಫುಲ್ ಥ್ರಾಟಲ್ ಕೊಟ್ಟು ನಾಲ್ಕು ಹೆಜ್ಜೆ ದೂರ ನಿಂತು ಕೇಳಬೇಕು.

ಹೀರುವುದು ಕಡಿಮೆಯಾಗಿದೆ, ಆದರೆ ಇಂಜಿನ್ ಮಾಮೂಲಿಗಿಂತ ಹಗುರಾಗಿ, ಸಲೀಸಾಗಿ ಓಡುತ್ತಿದೆ ಎಂದರೆ ಗಾಳಿಯ ದಾರಿ ಎಲ್ಲೋ ಕಟ್ಟಿದೆ. ಇದು ಬಹಳ ಜನರಿಗೆ ತಲೆಕೆಳಗಾಗಿ ಕಾಣುತ್ತದೆ. ಕಟ್ಟಿಕೊಂಡರೆ ಇಂಜಿನ್ ತಿಣುಕಬೇಕಲ್ಲವೇ ಎಂದು ಕೇಳುತ್ತಾರೆ. ಈ ಬಗೆಯ ಫ್ಯಾನ್‌ಗೆ ಹೊರೆ ಅಂದರೆ ಅದು ಸಾಗಿಸುವ ಗಾಳಿಯೇ. ಗಾಳಿ ಸಾಗದಿದ್ದರೆ ಹೊರೆಯೂ ಇಲ್ಲ. "ಇಂಜಿನ್ ಜೋರಾಗೇ ಓಡ್ತಾ ಅದೆ" ಎನ್ನುವ ಮಾತಿನಲ್ಲೇ ರೋಗದ ಗುರುತು ಸಿಕ್ಕಿಹೋಗಿರುತ್ತದೆ.

ಇಂಜಿನ್ ಗುಂಯ್ ಎಂದು ನರಳುತ್ತಾ ಸೊರಗುತ್ತಿದ್ದರೆ ಫ್ಯಾನ್ ಕವಚದೊಳಗೇ ಏನೋ ತುಂಬಿಕೊಂಡು ರೆಕ್ಕೆಗೆ ಉಜ್ಜುತ್ತಿದೆ. ಸದ್ದು ಮಾಮೂಲಿನಂತೆಯೇ ಇದ್ದು ಎಲ್ಲೋ ಸುಯ್ ಎನ್ನುತ್ತಿದ್ದರೆ ಹೋಸಿಗೋ ಕ್ಲಾಂಪಿಗೋ ತೂತು ಬಿದ್ದಿದೆ, ಫ್ಯಾನ್ ಗಾಳಿಯನ್ನು ಬಾಯಿಂದ ಎಳೆಯುವ ಬದಲು ಅಲ್ಲಿಂದ ಎಳೆಯುತ್ತಿದೆ. ಸದ್ದಿನ ಸ್ಥಾಯಿಯೇ ಇಳಿದಿದ್ದರೆ ಮಾತ್ರ ಇಂಜಿನ್ ಕಡೆಗೆ ತಿರುಗಿ. ಸುತ್ತು ಕಡಿಮೆಯಾದರೆ ಹೀರುವ ಬಲ ಅದಕ್ಕಿಂತ ವೇಗವಾಗಿ ಕುಸಿಯುತ್ತದೆ. ನಿಮಿಷಕ್ಕೆ 3600 ಸುತ್ತು ತಿರುಗಬೇಕಾದ ಫ್ಯಾನ್ 3000ಕ್ಕೆ ಇಳಿದರೆ ಗಾಳಿಯ ಪ್ರಮಾಣ ಆರರಲ್ಲಿ ಒಂದು ಪಾಲು ಕಡಿಮೆ, ಆದರೆ ಹೀರುವ ಒತ್ತಡ ಸುಮಾರು 30% ಕಡಿಮೆ. ಥ್ರಾಟಲ್ ಕೇಬಲ್ ಸಡಿಲವಾಗಿ ಲಿವರ್ ಪೂರ್ತಿ ಏರದಿದ್ದರೂ ಸಾಕು, ಒಂದು ನಟ್ಟಿನ ಕೆಲಸ ಇಡೀ ದಿನವನ್ನು ತಿನ್ನುತ್ತದೆ.

ಹಿಂಬಾಗಿಲ ಪರೀಕ್ಷೆ

ಹಗುರ ಸದ್ದು ಕೇಳಿದಿರಿ, ದಾರಿ ಕಟ್ಟಿದೆ ಎಂದಾಯಿತು. ಎಲ್ಲಿ? ಇಂಜಿನ್ ನಿಲ್ಲಿಸಿ, ಪೆಟ್ಟಿಗೆ ಖಾಲಿ ಮಾಡಿ, ಹಿಂಬಾಗಿಲನ್ನು ಪೂರ್ತಿ ತೆರೆದು ಹಗ್ಗದಿಂದ ಬಿಗಿಯಾಗಿ ಕಟ್ಟಿ. ಹಿಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಒಂದು ನಿಮಿಷ ಓಡಿಸಿ, ಹೋಸಿನ ಬಾಯಿಗೆ ಒಂದು ಹಾಳೆ ನ್ಯೂಸ್‌ಪೇಪರ್ ಹಿಡಿಯಿರಿ. ಪೇಪರ್ ಸೊರಕ್ಕನೆ ಒಳಗೆ ಹೋಗಿ, ಇಂಜಿನ್ನಿನ ಸದ್ದು ತುಸು ತೂಕ ಪಡೆದರೆ ತಪ್ಪು ಜಾಲರಿಯದೇ. ಬಾಗಿಲು ತೆರೆದರೂ ಪೇಪರ್ ತೇಲಾಡುತ್ತಿದ್ದರೆ ಹೋಸು, ಫ್ಯಾನಿನ ಬಾಯಿ, ಮೇಲಿನ ಕೊಳವೆ ಈ ಮೂರರಲ್ಲಿ ಒಂದು.

ಜಾಲರಿಯನ್ನು ಒಮ್ಮೆ ಹತ್ತಿರದಿಂದ ನೋಡಿದವರಿಗೆ ಇದು ಮತ್ತೆ ಮರೆಯುವುದಿಲ್ಲ. ಹೊರಗಿನಿಂದ ಅದು ಶುಭ್ರವಾಗಿಯೇ ಕಾಣುತ್ತದೆ, ತಂತಿ ಹೊಳೆಯುತ್ತಿರುತ್ತದೆ. ಪೆಟ್ಟಿಗೆಯೊಳಗೆ ತಲೆ ಹಾಕಿ ಟಾರ್ಚ್ ಬಿಟ್ಟರೆ ಬೇರೆಯದೇ ಲೋಕ. ಗುಲ್‌ಮೊಹರ್‌ನ ಒಂದು ಸೆಂಟಿಮೀಟರೂ ಇಲ್ಲದ ಕಿರುಎಲೆಗಳು ಒಂದರ ಮೇಲೊಂದು ಮಲಗಿ, ಸಂದಿಯಲ್ಲಿ ಕೆಂಧೂಳು ತುಂಬಿ, ಕಂಬಳಿಯಂತೆ ಒತ್ತಾದ ಪದರ. ಉಗುರಿನಿಂದ ಅಂಚನ್ನು ಎಬ್ಬಿಸಿದರೆ ಅಂಗೈಯಗಲದ ತುಂಡು ಒಂದೇ ಸಲಕ್ಕೆ ಕಳಚಿ ಬರುತ್ತದೆ, ಅದರ ಹಿಂದೆ ಬೆಳಕು ಹರಿಯುತ್ತದೆ. ತೇಗದ ಎಲೆಯದು ಇನ್ನೊಂದು ರೀತಿ. ಫ್ಯಾನಿನಲ್ಲಿ ಸರಿಯಾಗಿ ಪುಡಿಯಾಗದೆ ಬಂದ ದೊಡ್ಡ ತುಂಡುಗಳು ಜಾಲರಿಗೆ ಪೋಸ್ಟರಿನ ಹಾಗೆ ಅಂಟಿ ಕೂರುತ್ತವೆ.

ಪದರ ಕಟ್ಟುವುದು ಒಳಮುಖದಲ್ಲಿ. ಆದ್ದರಿಂದ ಕಡ್ಡಿಪೊರಕೆಯಿಂದ ಹೊರಗಿನಿಂದ ಬಡಿಯಿರಿ, ಪದರ ಒಳಕ್ಕೆ ಉದುರುತ್ತದೆ. ಒಳಗಿನಿಂದ ಉಜ್ಜಿದರೆ ಧೂಳು ತಂತಿಯ ಸಂದಿಗೆ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ನೀರು ಹೊಡೆದು ತೊಳೆಯುವ ಆಸೆ ಎಲ್ಲರಿಗೂ ಬರುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ತೊಳೆದು ರಾತ್ರಿಯೆಲ್ಲ ಒಣಗಲು ಬಿಡುವುದಾದರೆ ತೊಳೆಯಿರಿ. ಮಧ್ಯಾಹ್ನ ತೊಳೆದು ಹಸಿ ಜಾಲರಿಯಲ್ಲೇ ಮತ್ತೆ ಶುರುಮಾಡಿದರೆ ಕೆಂಧೂಳು ಕೆಸರಾಗಿ ಹತ್ತು ನಿಮಿಷದಲ್ಲಿ ಸಿಮೆಂಟ್ ಮೆತ್ತಿದಂತಾಗುತ್ತದೆ.

ಪದೇ ಪದೇ ಕಟ್ಟುತ್ತಿದ್ದರೆ ಕೆಲಸದ ರೀತಿ ಬದಲಿಸಿ. ಬರೀ ಮಣ್ಣಿನ ನೆಲದಲ್ಲಿ ಹೋಸಿನ ಬಾಯಿಯನ್ನು ನೆಲಕ್ಕೆ ಒತ್ತಿ ಹಿಡಿಯಬೇಡಿ, ಎರಡು ಮೂರು ಇಂಚು ಮೇಲಿರಲಿ. ಎಲೆಯನ್ನು ಹೊತ್ತು ತರಬೇಕಾದ್ದು ಗಾಳಿ, ಆ ಸಂದಿಯಿಂದಲೇ ಅದು ಒಳಬರಬೇಕು. ಗುಲ್‌ಮೊಹರ್ ಕೆಳಗಿನ ಜಾಗ ಬಂದಾಗ ಪ್ರತಿ ಟ್ರಿಪ್ಪಿಗೂ ಜಾಲರಿ ಬಡಿಯುವುದು ರೂಢಿಯಾಗಲಿ. ಪೆಟ್ಟಿಗೆಯ ಮೇಲ್ಭಾಗದಲ್ಲಿ ಇನ್ನೊಂದು ಜಾಲರಿ ಕಿಟಕಿ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು, ಯಾವ ವೆಲ್ಡಿಂಗ್ ಅಂಗಡಿಯವರಾದರೂ ಮಾಡಿಕೊಡುತ್ತಾರೆ. ನಮ್ಮ ಧೂಳಿಗೆ ಕಂಪನಿ ಕೊಟ್ಟಷ್ಟು ಜಾಲರಿ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಮಾತು ಇಬ್ಬನಿಯದು. ಜನವರಿಯ ಮುಂಜಾವದಲ್ಲಿ ಎಲೆ ಒಣಗಿದಂತೆ ಕಂಡರೂ ಕೈಯಲ್ಲಿ ಹಿಡಿದರೆ ಮೆತ್ತಗಿರುತ್ತದೆ. ಮುಷ್ಟಿಯಲ್ಲಿ ಹಿಸುಕಿದಾಗ ಪರಪರ ಎಂದು ಪುಡಿಯಾದರೆ ಮಾತ್ರ ಯಂತ್ರ ಶುರುಮಾಡಿ. ನಾಲೆ ಬಯಲಿನ ಮಂಡ್ಯ ಕಡೆ ಇದಕ್ಕೆ ಹತ್ತು ಗಂಟೆಯಾದರೂ ಆಗುತ್ತದೆ.

ಹೋಸು ಮತ್ತು ಕೊಳವೆ

ಗುಲ್‌ಮೊಹರ್‌ನ ಕತ್ತಿಕಾಯಿ ಅರ್ಧ ಮೀಟರಿನಷ್ಟು ಉದ್ದ, ಮರದಂತೆ ಗಟ್ಟಿ. ಬಾಗಿದ ಜಾಗದಲ್ಲಿ ಒಂದು ಕಾಯಿ ಅಡ್ಡ ನಿಂತರೆ ಅದಕ್ಕೆ ಎಲೆ ತಗುಲಿ ಎರಡೇ ನಿಮಿಷದಲ್ಲಿ ಗೂಡು ಕಟ್ಟುತ್ತದೆ. ಹೋಸನ್ನು ಕಳಚಿ ನೇರಮಾಡಿ, ಒಂದು ತುದಿಯಿಂದ ಆಕಾಶ ನೋಡಿ. ಬೆಳಕು ಕಾಣದಿದ್ದರೆ ಬಿದಿರು ಗಳುವಿನಿಂದ ಹಿಂದಕ್ಕೆ ತಳ್ಳಿ. ಕಬ್ಬಿಣದ ಸರಳು ಬೇಡ, ಹೋಸಿನ ಒಳಪದರ ಹರಿಯುತ್ತದೆ. ಕತ್ತಿಕಾಯಿ, ಮಹಾಗನಿಯ ಗಟ್ಟಿ ಕಾಯಿ, ತೆಂಗಿನ ಚಿಪ್ಪು, ಕಲ್ಲು ಇವನ್ನು ಮೊದಲೇ ಕೈಯಿಂದ ಆರಿಸಿ ತೆಗೆಯುವವರಿಗೆ ಒಂದು ಕೂಲಿ ಕೊಟ್ಟರೂ ಲಾಭವೇ.

ತೂತು ಬೀಳುವುದು ಹೆಚ್ಚಾಗಿ ಫ್ಯಾನಿಗೆ ಹತ್ತಿರದ ಮೊದಲ ಬಾಗಿನ ಹೊರಮೈಯಲ್ಲಿ. ಎಲೆಯ ಜೊತೆ ಬಂದ ಮರಳು ತಿರುವಿನಲ್ಲಿ ನೇರ ಹೋಗಿ ಅಲ್ಲೇ ಬಡಿಯುತ್ತದೆ. ಫ್ಯಾನಿಗೆ ಹತ್ತಿರವಾದಷ್ಟೂ ತೂತಿನ ಹಾನಿ ಜಾಸ್ತಿ. ಓಡುತ್ತಿರುವಾಗ ಬಾಗಿನ ಪಕ್ಕ ದಾರದ ಎಳೆಯೊಂದನ್ನು ಕೋಲಿನ ತುದಿಗೆ ಕಟ್ಟಿ ಹಿಡಿದರೆ ಎಲ್ಲಿ ಒಳಕ್ಕೆ ಎಳೆಯುತ್ತದೋ ಅಲ್ಲೇ ಸೋರಿಕೆ. ಹಳೇ ಟ್ಯೂಬಿನ ರಬ್ಬರ್ ಪಟ್ಟಿ ಸುತ್ತಿ ಎರಡು ಕಡೆ ಕ್ಲಾಂಪ್ ಬಿಗಿದರೆ ಆ ಸೀಸನ್ ಕಳೆಯುತ್ತದೆ. ಮುಂದಿನ ವರ್ಷ ಆ ತುಂಡನ್ನು ಕತ್ತರಿಸಿ, ಹೋಸನ್ನು ತಿರುಗಿಸಿ ಹಾಕಿ, ಸವೆಯದ ಮೈ ತಿರುವಿಗೆ ಬರಲಿ.

ಹೋಸ್ ತೆಗೆದು ಹಾಕಿದ ಮೇಲೆ ಇಂಜಿನ್ ಸ್ಟಾರ್ಟೇ ಆಗದಿದ್ದರೆ ಹೆದರಬೇಡಿ. ಕೆಲವು ಯಂತ್ರಗಳಲ್ಲಿ ಹೋಸ್ ಪ್ಲೇಟಿನ ಅಡಿಯಲ್ಲಿ ಒಂದು ಸುರಕ್ಷತಾ ಸ್ವಿಚ್ ಇರುತ್ತದೆ. ಪ್ಲೇಟ್ ಸರಿಯಾಗಿ ಕೂರದಿದ್ದರೆ ಪ್ಲಗ್ಗಿಗೆ ಕಿಡಿ ಹೋಗುವುದಿಲ್ಲ. ಪ್ಲೇಟಿನ ಅಂಚಿನಲ್ಲಿ ಸಿಕ್ಕಿದ ಎಲೆಚೂರು ಒರೆಸಿ ಮತ್ತೆ ಬಿಗಿಯಿರಿ. ಆ ಸ್ವಿಚ್ಚಿಗೆ ವೈರ್ ಸೇರಿಸಿ ಬೈಪಾಸ್ ಮಾಡಿಕೊಡುತ್ತೇನೆ ಎನ್ನುವವರನ್ನು ಹತ್ತಿರ ಬಿಡಬೇಡಿ. ಅದು ಕೈಬೆರಳು ಉಳಿಸುವ ಸ್ವಿಚ್.

ನಡುಕ

ಗಾಡಿ ನಡುಗಲು ಶುರುವಾದರೆ ಅಂದೇ ನಿಲ್ಲಿಸಿ. ಸಂಜೆವರೆಗೆ ಎಳೆಯೋಣ ಅನ್ನುವ ಹಾಗಿಲ್ಲ.

ನಮ್ಮಲ್ಲಿ ಇದಕ್ಕೆ ಮೊದಲ ಸಂಶಯ ಮಳೆಮರದ ಕಾಯಿಯ ಮೇಲೆ. ಆ ಕಪ್ಪು ಕಾಯಿಯೊಳಗೆ ಬೆಲ್ಲದ ಪಾಕದಂಥ ಅಂಟು ತಿರುಳಿದೆ, ದನಗಳು ಅದಕ್ಕೇ ಆಸೆಪಟ್ಟು ತಿನ್ನುತ್ತವೆ. ಫ್ಯಾನ್ ರೆಕ್ಕೆಗೆ ಬಡಿದು ಒಡೆದಾಗ ಆ ಅಂಟು ರೆಕ್ಕೆಯ ಬುಡಕ್ಕೆ ಮೆತ್ತಿಕೊಳ್ಳುತ್ತದೆ, ಮೇಲೆ ಧೂಳು ಕೂತು, ಇಂಜಿನ್ ಕಾವಿಗೆ ಒಣಗಿ ಕಲ್ಲಾಗುತ್ತದೆ. ಎಲ್ಲ ರೆಕ್ಕೆಗೂ ಸಮನಾಗಿ ಮೆತ್ತಿದರೆ ಗೊತ್ತಾಗುವುದಿಲ್ಲ. ಒಂದರಿಂದ ಒಂದು ಚಕ್ಕೆ ಕಳಚಿ ಬಿತ್ತೋ, ತೂಕ ತಪ್ಪುತ್ತದೆ. ಲೆಕ್ಕ ಹಾಕಿ: ನಡುವಿನಿಂದ 15 ಸೆಂ.ಮೀ. ದೂರದಲ್ಲಿ 20 ಗ್ರಾಂ ವ್ಯತ್ಯಾಸ, ನಿಮಿಷಕ್ಕೆ 3600 ಸುತ್ತು. ಶಾಫ್ಟಿನ ಮೇಲೆ ಬೀಳುವ ಎಳೆತ ಸುಮಾರು 43 ಕಿಲೋ ತೂಕದಷ್ಟು, ಅದೂ ಸೆಕೆಂಡಿಗೆ 60 ಸಲ ಸುತ್ತಲೂ ದಿಕ್ಕು ಬದಲಿಸುತ್ತ. ಬೇರಿಂಗ್ ಎಷ್ಟು ದಿನ ತಡೆದೀತು?

ಪ್ಲಗ್ ವೈರ್ ಕಿತ್ತು, ಕವಚ ತೆರೆದು, ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ರೆಕ್ಕೆಗಳ ಮೇಲೆ ಅರ್ಧ ಗಂಟೆ ಹಾಕಿ ಬಿಡಿ. ಅಂಟು ಸಕ್ಕರೆಯದ್ದಾದ್ದರಿಂದ ನೀರಿಗೆ ಕರಗುತ್ತದೆ, ಮರದ ತುಂಡಿನಿಂದ ಕೆರೆದರೆ ಸಾಕು. ಉಳಿ, ಸುತ್ತಿಗೆ ಬೇಡ. ಎಲ್ಲ ರೆಕ್ಕೆ ಚೊಕ್ಕಟವಾದ ಮೇಲೆ ಅಂಚುಗಳನ್ನು ನೋಡಿ. ಕಲ್ಲು ಬಡಿದು ಬಾಗಿದ್ದರೆ, ಬಿರುಕು ಬಿಟ್ಟಿದ್ದರೆ ಆ ಫ್ಯಾನ್ ಮತ್ತೆ ತಿರುಗಬಾರದು. ಬಿರುಕಿಗೆ ವೆಲ್ಡಿಂಗ್ ಮಾಡಿ ಓಡಿಸುವುದು ಕೊಲೆಗೆ ಸಮ, ಹೊಸದನ್ನೇ ತರಿಸಿ. ರೆಕ್ಕೆ ಸರಿಯಿದ್ದೂ ನಡುಗುತ್ತಿದ್ದರೆ ಫ್ಯಾನಿನ ನಡುಬೋಲ್ಟು, ಇಂಜಿನ್ ಕೂರಿಸಿದ ನಾಲ್ಕು ಬೋಲ್ಟು ಸಡಿಲವಾಗಿವೆಯೇ ನೋಡಿ.

ಅರಳಿಕಟ್ಟೆಯ ಸುತ್ತ ಗುಡಿಸುವವರು ಇನ್ನೊಂದನ್ನು ಗಮನಿಸಬೇಕು. ಹರಕೆಯ ದಾರ, ಹೂವಿನ ಹಾರದ ದಾರ ಎಲೆಯ ಜೊತೆ ಒಳಹೋಗಿ ಫ್ಯಾನಿನ ಹಿಂದೆ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ. ಎಳೆ ಎಳೆಯಾಗಿ ಸೇರಿ ಹಗ್ಗವಾಗಿ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲಿನವರೆಗೆ ನುಗ್ಗುತ್ತದೆ. ಕವಚದ ಹಿಂದೆ ಎಣ್ಣೆ ಜಿನುಗುತ್ತಿದ್ದರೆ ಮೊದಲು ದಾರ ಹುಡುಕಿ.

ಇಂಜಿನ್ ತಾನೇ ನಿಂತರೆ

ಇಲ್ಲಿ ಎಳೆಯುವ ಗಾಡಿಯೇ ಕಾರಣವಾಗಿರಬಹುದು. ಈ ಯಂತ್ರದ ಕೊಕ್ಕೆಯನ್ನು ಹುಲ್ಲು ಕತ್ತರಿಸುವ ಪುಟ್ಟ ಗಾಡಿಯ ಎತ್ತರಕ್ಕೆ ಮಾಡಿರುತ್ತಾರೆ. ನಾವು ಎಳೆಯುವುದು ಮಿನಿ ಟ್ರ್ಯಾಕ್ಟರಿನಲ್ಲಿ, ಅದರ ಹಿಂದೆ ಗಾಡಿ ಸಿಕ್ಕಿಸುವ ಪಟ್ಟಿ, ಅಂದರೆ ಡ್ರಾಬಾರ್, ಎತ್ತರದಲ್ಲಿರುತ್ತದೆ. ಪಿನ್ ಹಾಕಿದ ಕೂಡಲೇ ಮೂತಿ ಮೇಲೆದ್ದು ಇಂಜಿನ್ ಹಿಂದಕ್ಕೆ ವಾಲುತ್ತದೆ. ಎಣ್ಣೆ ಕಡಿಮೆಯಾದರೆ ಇಂಜಿನ್ ನಿಲ್ಲಿಸುವ ಸೆನ್ಸರ್ ಇರುವಲ್ಲಿ, ವಾಲಿಕೆಗೆ ಎಣ್ಣೆ ಒಂದು ಕಡೆ ಸರಿದು ಸೆನ್ಸರ್ ಮೋಸಹೋಗುತ್ತದೆ. ಏರು ಹತ್ತುವಾಗ ನಿಂತು, ಸಮತಟ್ಟಿಗೆ ಬಂದ ಮೇಲೆ ಸ್ಟಾರ್ಟ್ ಆದರೆ ಇದೇ ಕಾರಣ. ಹೋಂಡಾ ಜಿಎಕ್ಸ್160ರಂಥ ಇಂಜಿನ್ನಿಗೆ ಹಿಡಿಸುವುದೇ ಸುಮಾರು 0.6 ಲೀಟರ್ ಎಣ್ಣೆ. ಸಮತಟ್ಟು ನೆಲದಲ್ಲಿ ನಿಲ್ಲಿಸಿ ಅಳೆದು ತುಂಬಿಸಿ, ಡ್ರಾಬಾರಿಗೆ ಕೆಳಕ್ಕೆ ಇಳಿಯುವ ಪ್ಲೇಟೊಂದನ್ನು ಮಾಡಿಸಿ ಗಾಡಿಯನ್ನು ಮಟ್ಟಸಕ್ಕೆ ತನ್ನಿ.

ಅರ್ಧ ಗಂಟೆ ಚೆನ್ನಾಗಿ ಓಡಿ ಸೊರಗಿ ನಿಂತರೆ ಪೆಟ್ರೋಲ್ ಮುಚ್ಚಳ ಸಡಿಲಿಸಿ. ಸುಯ್ ಎಂದು ಗಾಳಿ ಒಳಹೋಗಿ ಇಂಜಿನ್ ಮತ್ತೆ ಸರಿಯಾದರೆ ಮುಚ್ಚಳದ ಉಸಿರುತೂತು ಧೂಳಿನಿಂದ ಮುಚ್ಚಿದೆ. ಹಾಗಾಗದೆ, ತಣ್ಣಗಾದ ಮೇಲಷ್ಟೇ ಚೇತರಿಸಿಕೊಂಡರೆ ಹಗ್ಗ ಎಳೆಯುವ ಭಾಗದ ಜಾಲರಿ ಮತ್ತು ಸಿಲಿಂಡರಿನ ರೆಕ್ಕೆಗಳ ನಡುವೆ ಎಲೆಪುಡಿ ತುಂಬಿ ಇಂಜಿನ್ ಕಾಯುತ್ತಿದೆ. ಕವರ್ ಬಿಚ್ಚಿ ಬ್ರಷ್‌ನಿಂದ ಉದುರಿಸಿ.

ಏರ್ ಫಿಲ್ಟರನ್ನು 50 ಗಂಟೆಗೊಮ್ಮೆ ಎಂದು ಪುಸ್ತಕ ಹೇಳಿದರೆ, ನಮ್ಮ ಧೂಳಿನಲ್ಲಿ ದಿನಾ ಸಂಜೆ ತೆಗೆದು ನೋಡಬೇಕು. ಕರಿಹೊಗೆ ಬರುತ್ತಿದ್ದರೆ ಇನ್ನೇನೂ ಮುಟ್ಟಬೇಡಿ, ಫಿಲ್ಟರೇ ನೋಡಿ. ಪ್ಲಗ್ ಸಂದಿ 0.7ರಿಂದ 0.8 ಮಿ.ಮೀ. ಇರಲಿ, ಎಣ್ಣೆ 100 ಗಂಟೆಗೆ ಬದಲಾಗಲಿ.

ವರ್ಷದ ಮೊದಲ ದಿನವೇ ಸ್ಟಾರ್ಟ್ ಆಗದಿದ್ದರೆ ಕಾರಣ ಹೋದ ವರ್ಷದ ಪೆಟ್ರೋಲ್. ಈಗಿನ ಪೆಟ್ರೋಲಿನಲ್ಲಿ 20% ವರೆಗೆ ಎಥನಾಲ್ ಇರುತ್ತದೆ. ಕಬ್ಬಿನ ಸೀಮೆಯಾದ ಮಂಡ್ಯಕ್ಕೆ ಅದು ಒಳ್ಳೆಯ ಸುದ್ದಿ, ಆದರೆ ಎಂಟು ತಿಂಗಳು ಮೂಲೆಯಲ್ಲಿ ನಿಲ್ಲುವ ಸಣ್ಣ ಇಂಜಿನ್ನಿಗೆ ಅಲ್ಲ. ಎಥನಾಲ್ ಮಳೆಗಾಲದ ತೇವ ಹೀರಿ, ಆ ನೀರಿನ ಜೊತೆ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಉಳಿದ ಪೆಟ್ರೋಲ್ ಕಾರ್ಬುರೇಟರಿನ ಸಣ್ಣ ತೂತಿನಲ್ಲಿ ಅಂಟಾಗುತ್ತದೆ. ಹಳೆಯದನ್ನೆಲ್ಲ ಬಸಿದು, ಕಾರ್ಬುರೇಟರಿನ ಬಟ್ಟಲು ಬಿಚ್ಚಿ ಒರೆಸಿ, ಜೆಟ್ಟಿನ ತೂತನ್ನು ಕ್ಲೀನರ್ ಸ್ಪ್ರೇಯಿಂದ ಬಿಡಿಸಿ, ಹೊಸ ಪೆಟ್ರೋಲ್ ಹಾಕಿ.

ಇದನ್ನು ತಪ್ಪಿಸಲು ಏಪ್ರಿಲಿನಲ್ಲಿ ಯಂತ್ರ ಒಳಗಿಡುವಾಗಲೇ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಕವಚದೊಳಗೆ ಉಳಿದ ಎಲೆ ಪೂರ್ತಿ ತೆಗೆಯಿರಿ, ಹಸಿಯಾಗಿ ಬಿಟ್ಟರೆ ಮಳೆಗಾಲದಲ್ಲಿ ತಗಡು ತುಕ್ಕು ಹಿಡಿಯುತ್ತದೆ. ಹೋಸನ್ನು ಮಡಚದೆ ಎರಡು ಗೂಟಕ್ಕೆ ಉದ್ದಕ್ಕೆ ಮಲಗಿಸಿ, ಎರಡೂ ಬಾಯಿಗೆ ತಂತಿ ಜಾಲರಿ ಕಟ್ಟಿ. ಇಲ್ಲವಾದರೆ ಇಲಿ ಒಳಗೆ ಗೂಡು ಮಾಡುತ್ತದೆ, ಡಿಸೆಂಬರಿನಲ್ಲಿ ಮೊದಲ ಸಲ ಶುರುಮಾಡಿದಾಗ ಆ ಗೂಡು ನೇರ ಫ್ಯಾನಿಗೆ ಬರುತ್ತದೆ.